ಮರಳಿ ಬರುವ ವಿದ್ಯೆ: ಮಮತಾ ಪೂಜಾರಿ ಮತ್ತು ಹೆಣ್ಣುಮಕ್ಕಳ ಕಬಡ್ಡಿ

ಶಾಲಾ ಕ್ರೀಡಾಕೂಟದ ದಿನಗಳು ಬಂದವೆಂದರೆ ನಮ್ಮ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಪ್ರೌಢಶಾಲೆಗಳ ಮೈದಾನದಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಗುಂಪು ಆಟಗಳ ಪಟ್ಟಿಯಲ್ಲಿ ಖೊಖೊ, ವಾಲಿಬಾಲ್, ಥ್ರೋಬಾಲ್ ಎಲ್ಲ ಇದ್ದರೂ ಜನ ಮುತ್ತಿಕೊಳ್ಳುವುದು ಕಬಡ್ಡಿ ಅಂಕಣದ ಸುತ್ತ. ಹುಡುಗಿಯರ ಪಂದ್ಯವಿದ್ದರಂತೂ ‘ಹಿಡ್ಕೊ, ಬಿಡ್ಬೇಡ’ ಎಂಬ ಕೂಗು ರಸ್ತೆಯವರೆಗೂ ಕೇಳುತ್ತದೆ. ನೋಡುವವರಲ್ಲಿ ಬಹಳ ಮಂದಿಗೆ ಇದು ಬಲಾಬಲದ ಆಟ. ಗಟ್ಟಿಯಿದ್ದವಳು ಎಳೆದುಕೊಂಡು ಬರುತ್ತಾಳೆ, ಇಲ್ಲದವಳು ಸಿಕ್ಕಿಬೀಳುತ್ತಾಳೆ ಎಂಬುದು ಅವರ ಲೆಕ್ಕ. ಬಲ ಬೇಕು, ಸುಳ್ಳಲ್ಲ. ಆದರೆ ಬಲದಿಂದಲೇ ಗೆಲ್ಲುವಂತಿದ್ದರೆ ಈ ಆಟವನ್ನು ವರ್ಷಗಟ್ಟಲೆ ಕಲಿಯುವ ಅಗತ್ಯವೇ ಇರುತ್ತಿರಲಿಲ್ಲ. ಎದುರಾಳಿಯ ಅಂಕಣಕ್ಕೆ ಯಾರು ಬೇಕಾದರೂ ನುಗ್ಗಬಹುದು. ಅಲ್ಲಿಂದ ಮರಳಿ ಬರುವುದರಲ್ಲಿದೆ ವಿದ್ಯೆ.

ಆ ವಿದ್ಯೆಯನ್ನು ಒಬ್ಬರ ಬದುಕಿನ ಮೂಲಕ ಅರಿಯಬೇಕೆಂದರೆ ಕನ್ನಡಿಗರು ದೂರ ಹೋಗಬೇಕಿಲ್ಲ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ಮಹಿಳಾ ಕಬಡ್ಡಿ ತಂಡದ ಮಾಜಿ ನಾಯಕಿ. ಹುಟ್ಟಿದ್ದು 1986ರಲ್ಲಿ. ಶಾಲೆಯಲ್ಲಿ ಅವರಿಗೆ ಕಬಡ್ಡಿಯೊಂದೇ ಇರಲಿಲ್ಲ. ವಾಲಿಬಾಲ್ ಆಡಿದರು, ಗುಂಡು ಎಸೆದರು. ಹಳ್ಳಿಯ ಶಾಲೆಯಲ್ಲಿ ಮೈಕಟ್ಟು ಚೆನ್ನಾಗಿರುವ ಹುಡುಗಿಯಿಂದ ಪಿಟಿ ಮೇಷ್ಟ್ರು ಎಲ್ಲ ಆಟಕ್ಕೂ ಹೆಸರು ಕೊಡಿಸುವುದು ನಮ್ಮ ಕಡೆಯೂ ಉಂಟಲ್ಲ, ಹಾಗೆಯೇ. ವಾಲಿಬಾಲ್ ಜಿಗಿತವನ್ನೂ ಗುಂಡು ಎಸೆತ ಭುಜ, ಸೊಂಟಗಳ ಕಸುವನ್ನೂ ಬೆಳೆಸುತ್ತವೆ. ಕಬಡ್ಡಿಗೆ ಇವೆರಡೂ ಬೇಕು. ಮುನಿಯಾಲಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಾ ಆಟವನ್ನು ಗಟ್ಟಿ ಮಾಡಿಕೊಂಡ ಮಮತಾ ಅವರಿಗೆ ಮುಂದೆ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತು.

ಆಮೇಲಿನದು ಚಿನ್ನದ ಪಟ್ಟಿ. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಮಹಿಳಾ ಕಬಡ್ಡಿಗೆ ಏಷ್ಯನ್ ಕ್ರೀಡಾಕೂಟದ ಬಾಗಿಲು ಮೊದಲ ಸಲ ತೆರೆದಾಗ ಥಾಯ್ಲೆಂಡನ್ನು 28–14ರಿಂದ ಸೋಲಿಸಿದ ಭಾರತ ತಂಡದಲ್ಲಿ ಮಮತಾ ಇದ್ದರು. 2012ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು. ಅಲ್ಲಿ ಅವರೇ ನಾಯಕಿ, ಫೈನಲ್‌ನಲ್ಲಿ ಇರಾನ್ ವಿರುದ್ಧ 25–19ರ ಗೆಲುವು. 2013ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಏಷ್ಯನ್ ಒಳಾಂಗಣ ಕ್ರೀಡಾಕೂಟದ ಚಿನ್ನ. ಮರುವರ್ಷ ಅದೇ ಊರಿನಲ್ಲಿ ಏಷ್ಯನ್ ಕ್ರೀಡಾಕೂಟದ ಎರಡನೇ ಚಿನ್ನ, ಅದೂ ಇರಾನ್ ವಿರುದ್ಧವೇ, 31–21ರಿಂದ. ಆ ಸಲದ ನಾಯಕಿ ಬೆಂಗಳೂರಿನ ತೇಜಸ್ವಿನಿ ಬಾಯಿ. ತೇಜಸ್ವಿನಿ ಅವರಿಗೆ 2011ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು, ಮಮತಾ ಅವರಿಗೆ 2014ರಲ್ಲಿ ಬಂತು. ಒಂದೇ ಕಾಲದಲ್ಲಿ ದೇಶದ ತಂಡವನ್ನು ನಡೆಸಿದ ಇಬ್ಬರು ನಾಯಕಿಯರು ಕನ್ನಡನಾಡಿನವರು ಎಂಬುದನ್ನು ನಾವು ಬೇಗ ಮರೆತಿದ್ದೇವೆ.

ಪದಕಗಳ ಪಟ್ಟಿಯಿಂದ ಆಟ ಅರ್ಥವಾಗುವುದಿಲ್ಲ. ಅದಕ್ಕೆ ಅಂಕಣಕ್ಕೇ ಇಳಿಯಬೇಕು.

ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12 ಮೀಟರ್ ಉದ್ದ, 8 ಮೀಟರ್ ಅಗಲ. ಈ 8 ಮೀಟರಿನಲ್ಲಿ ಎಡಬಲಕ್ಕೆ ಒಂದೊಂದು ಮೀಟರ್ ಲಾಬಿ. ಅದನ್ನು ಕಳೆದರೆ ಒಂದು ತಂಡದ ಪಾಲಿಗೆ ಉಳಿಯುವುದು 6 ಮೀಟರ್ ಉದ್ದ, 6 ಮೀಟರ್ ಅಗಲದ ಚೌಕ. ಅದರೊಳಗೆ ಏಳು ಜನ ಎದುರಾಳಿಗಳು, ಅವರ ನಡುವೆ ನುಗ್ಗಿ ಬಂದ ಒಬ್ಬಳು ರೈಡರ್. ಗಂಡಸರಿಗೆ ಸಿಗುವ ಓಡಾಟದ ಜಾಗ ಇಲ್ಲಿ ಇಲ್ಲ. ಆದ್ದರಿಂದ ಹೆಣ್ಣುಮಕ್ಕಳ ಕಬಡ್ಡಿ ಹೆಚ್ಚು ಇಕ್ಕಟ್ಟಿನ ಆಟ. ಓಡಿ ತಪ್ಪಿಸಿಕೊಳ್ಳುತ್ತೇನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅರ್ಧ ಹೆಜ್ಜೆಯಲ್ಲಿ, ಮೈ ಬಾಗಿಸುವುದರಲ್ಲಿ, ಸರಿಯಾದ ಕ್ಷಣಕ್ಕೆ ತಿರುಗುವುದರಲ್ಲಿ ಕೆಲಸ ಮುಗಿಯಬೇಕು. ಪಂದ್ಯದ ಅವಧಿಯೂ ಗಿಡ್ಡ. ಗಂಡಸರಿಗೆ 20 ನಿಮಿಷದ ಎರಡು ಅವಧಿಯಾದರೆ ಹೆಂಗಸರಿಗೆ 15 ನಿಮಿಷದ ಎರಡು. ಒಂದು ತಪ್ಪು ಮಾಡಿದರೆ ಸರಿಪಡಿಸಿಕೊಳ್ಳಲು ಸಮಯ ಕಡಿಮೆ.

ಇನ್ನು ಉಸಿರು. ‘ಕಬಡ್ಡಿ, ಕಬಡ್ಡಿ’ ಎನ್ನುವುದನ್ನು ಎದುರಾಳಿಯ ನೆಲ ಮುಟ್ಟುವ ಮೊದಲೇ ಶುರು ಮಾಡಬೇಕು, ಒಂದೇ ಉಸಿರಿನಲ್ಲಿ, ಅಂಪೈರ್ ಕಿವಿಗೆ ಕೇಳುವಂತೆ ಹೇಳುತ್ತಿರಬೇಕು. ರೈಡ್‌ಗೆ ಇರುವುದು 30 ಸೆಕೆಂಡ್. ಮನೆಯಲ್ಲಿ ಕುಳಿತು ಗಡಿಯಾರ ನೋಡಿಕೊಂಡು ಒಂದೇ ಉಸಿರಿನಲ್ಲಿ ಅರ್ಧ ನಿಮಿಷ ಹೇಳುವುದು ಅಷ್ಟೇನೂ ಕಷ್ಟವಲ್ಲ. ಓಡುತ್ತಾ, ಬಾಗುತ್ತಾ, ಒಬ್ಬಳು ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆಯುತ್ತಿರುವಾಗ ಹೇಳಿ ನೋಡಿ. ಎದೆ ಬಿಗಿದರೆ ಉಸಿರು ಒಡೆಯುತ್ತದೆ, ಉಸಿರು ಒಡೆದರೆ ಔಟ್. ಹಾಗಾಗಿ ಒಳ್ಳೆಯ ರೈಡರ್ ಎದೆಯಿಂದ ಕೂಗುವುದಿಲ್ಲ. ಸ್ವರ ತಗ್ಗಿಸಿ, ಸಣ್ಣಗೆ, ಒಂದೇ ಲಯದಲ್ಲಿ ಗಾಳಿಯನ್ನು ಬಿಟ್ಟುಕೊಡುತ್ತಾಳೆ. ಹಿಡಿತಕ್ಕೆ ಸಿಕ್ಕಾಗ ಗೆರೆ ಮುಟ್ಟುವವರೆಗಿನ ಎರಡು ಮೂರು ಸೆಕೆಂಡಿಗೆ ಬೇಕಾದ ಗಾಳಿಯನ್ನು ಉಳಿಸಿಕೊಂಡಿರುತ್ತಾಳೆ.

ಈಗ ಒಂದು ರೈಡನ್ನು ನಿಧಾನವಾಗಿ ನೋಡೋಣ. ರೈಡರ್ ಮಧ್ಯಗೆರೆ ದಾಟುತ್ತಾಳೆ. ಎದುರಿನ ಏಳು ಜನ ಅರ್ಧಚಂದ್ರಾಕಾರದಲ್ಲಿ ನಿಂತಿದ್ದಾರೆ. ಎರಡು ತುದಿಯಲ್ಲಿ ಕಾರ್ನರ್‌ಗಳು, ಅವರ ಪಕ್ಕದಲ್ಲಿ ‘ಇನ್’ ಆಟಗಾರ್ತಿಯರು, ಅವರಿಂದೀಚೆ ಕವರ್‌ಗಳು, ನಡುವೆ ಸೆಂಟರ್. ಮಧ್ಯಗೆರೆಯಿಂದ 3 ಮೀಟರ್ ಒಳಗೆ ಇರುವುದು ಬಾಕ್ ಲೈನ್. ಯಾರನ್ನೂ ಮುಟ್ಟದೆ ಹಿಂದಿರುಗುವುದಾದರೂ ಈ ಗೆರೆಯನ್ನು ಒಮ್ಮೆ ದಾಟಿಯೇ ತೀರಬೇಕು, ಇಲ್ಲವಾದರೆ ಔಟ್. ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಲೈನ್. ಒಂದು ಕಾಲು ಬೋನಸ್ ಗೆರೆಯಾಚೆ ನೆಲ ಮುಟ್ಟಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ಒಂದು ಅಂಕ. ಆದರೆ ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ.

ರೈಡರ್ ಮೊದಲು ಬಲಗಡೆಯ ಕಾರ್ನರ್ ಕಡೆ ಸಾಗುತ್ತಾಳೆ. ಪಾದ ಪೂರ್ತಿ ಊರಿರುವುದಿಲ್ಲ, ಭಾರವೆಲ್ಲ ಮುಂಗಾಲಿನ ಮೇಲೆ. ಮಂಡಿ ಬಗ್ಗಿದೆ, ಸೊಂಟ ತಗ್ಗಿದೆ, ಬೆನ್ನು ನೇರವಾಗಿದೆ. ಕೆಸರುಗದ್ದೆಗೆ ಇಳಿಯುವವರು ಕಾಲಿಟ್ಟು ಆಳ ನೋಡುವಂತೆ ಮುಂದಿನ ಕಾಲನ್ನು ಚಾಚಿ, ಭಾರ ಹಾಕದೆ ಹಿಂದೆಗೆಯುತ್ತಾಳೆ. ಕಾರ್ನರ್‌ನವಳು ಆ ಕಾಲಿಗೆ ಆಸೆಪಡುತ್ತಾಳೋ ಇಲ್ಲವೋ ನೋಡುವುದಕ್ಕೆ ಇದು. ಆಸೆಪಟ್ಟು ಒಂದು ಹೆಜ್ಜೆ ಮುಂದೆ ಬಂದರೆ ಅವಳ ಹಿಂದೆ ಜಾಗ ಖಾಲಿಯಾಗುತ್ತದೆ, ಅವಳ ಪಕ್ಕದವಳು ಒಂಟಿಯಾಗುತ್ತಾಳೆ. ರೈಡರ್ ಕಣ್ಣು ಕಾರ್ನರ್ ಕಡೆಗಿದ್ದರೂ ಗಮನ ಎಡಗಡೆಯ ಕವರ್ ಮೇಲೆ ಇರುತ್ತದೆ. ಏಕೆಂದರೆ ಮರಳುವ ದಾರಿಯನ್ನು ಮುಚ್ಚುವವಳು ಅವಳೇ.

ಇಲ್ಲಿಯವರೆಗೆ ಏನೂ ನಡೆದಿಲ್ಲ ಎಂದು ಪ್ರೇಕ್ಷಕರಿಗೆ ಅನ್ನಿಸುತ್ತದೆ. ರೈಡಿನ ಮುಕ್ಕಾಲು ಪಾಲು ಮುಗಿದಿರುವುದು ಇಲ್ಲಿಯೇ. ಯಾರು ಅವಸರದವರು, ಯಾರು ಹೆದರುವವರು, ಯಾರ ಕೈ ಯಾರ ಕೈಯಲ್ಲಿದೆ, ಯಾವ ಜೋಡಿಯ ಹೆಜ್ಜೆ ಕೂಡುತ್ತಿಲ್ಲ ಎಂಬುದನ್ನೆಲ್ಲ ಅವಳು ಓದಿಕೊಂಡಿರುತ್ತಾಳೆ. ಆಮೇಲೆ ಕೈ ಬೀಸುವುದು, ಕಾಲು ಚಾಚುವುದು ಒಂದು ಕ್ಷಣದ ಕೆಲಸ. ಮುಟ್ಟಿದ ಕೂಡಲೇ ಹೊಸ ಆಟ ಶುರು. ಮುಟ್ಟುವ ಮೊದಲು ಲಾಬಿಗೆ ಕಾಲಿಟ್ಟರೆ ರೈಡರ್ ಔಟ್. ಮುಟ್ಟಿದ ಮೇಲೆ ಅದೇ ಲಾಬಿ ಅಂಕಣದ ಭಾಗವಾಗುತ್ತದೆ. ಅಂದರೆ ತಪ್ಪಿಸಿಕೊಳ್ಳಲು ಎಡಬಲಕ್ಕೆ ಒಂದೊಂದು ಮೀಟರ್ ಹೊಸ ದಾರಿ ತೆರೆದುಕೊಳ್ಳುತ್ತದೆ. ನುರಿತವಳು ಲಾಬಿಯ ಪಕ್ಕದಲ್ಲಿಯೇ ಮುಟ್ಟಿ, ಅದೇ ಉಸಿರಿಗೆ ಲಾಬಿಗೆ ಹಾರಿ, ಮೈ ಉದ್ದಕ್ಕೆ ಚಾಚಿ ಮಧ್ಯಗೆರೆಗೆ ಕೈಯಿಡುತ್ತಾಳೆ. ಬೆರಳ ತುದಿ ತಗುಲಿದರೂ ಸಾಕು. ಅವಳನ್ನು ಹಿಡಿದುಕೊಂಡಿದ್ದವರೆಲ್ಲ ಔಟ್.

ಮುಟ್ಟುವುದರಲ್ಲೂ ಬಗೆಗಳಿವೆ. ಕೈಯಿಂದ ಮುಟ್ಟುವುದು ಎಲ್ಲರಿಗೂ ಗೊತ್ತು. ಓಡುತ್ತಲೇ ತಿರುಗಿ ಕೈ ಬೀಸಿ ಮುಟ್ಟುವುದು ಅದಕ್ಕಿಂತ ಕಷ್ಟದ್ದು. ಇಕ್ಕಟ್ಟಿನ ಅಂಕಣದಲ್ಲಿ ಹೆಚ್ಚು ಬೆಲೆ ಬಾಳುವುದು ಕಾಲಿನ ಕೆಲಸ. ಟೋ ಟಚ್ ಎಂದರೆ ಒಂದು ಕಾಲಿನ ಮೇಲೆ ಕುಕ್ಕರಿಸಿ ಇನ್ನೊಂದನ್ನು ನೆಲಕ್ಕೆ ಸಮನಾಗಿ ಚಾಚಿ ಹೆಬ್ಬೆರಳಿನಿಂದ ಎದುರಾಳಿಯ ಪಾದ ಮುಟ್ಟುವುದು. ಬ್ಯಾಕ್ ಕಿಕ್ ಎಂದರೆ ಬೆನ್ನು ತಿರುಗಿಸಿ ಹೊರಟವಳಂತೆ ನಟಿಸಿ, ಬೆನ್ನಟ್ಟಿ ಬಂದವಳ ಕಡೆ ಹಿಮ್ಮಡಿ ಎಸೆಯುವುದು. ಡುಬ್ಕಿ ಎಂದರೆ ಸರಪಳಿ ಕಟ್ಟಿ ದಾರಿ ಅಡ್ಡಗಟ್ಟಿದವರ ತೋಳಿನ ಕೆಳಗೆ ನುಸುಳಿ ಹೋಗುವುದು. ಇವುಗಳಲ್ಲಿ ಯಾವುದನ್ನೂ ಬಲದಿಂದ ಮಾಡಲಾಗುವುದಿಲ್ಲ. ಟೋ ಟಚ್‌ಗೆ ತೊಡೆಯ ಸ್ನಾಯು ಸಡಿಲವಾಗಿರಬೇಕು, ಊರಿದ ಕಾಲಿನ ಮಂಡಿ ಗಟ್ಟಿಯಾಗಿರಬೇಕು. ಕಾಲು ಚಾಚಿದವಳು ಒಂದು ಕ್ಷಣ ಒಂದೇ ಕಾಲಿನ ಮೇಲೆ ನಿಂತಿರುತ್ತಾಳೆ, ಆ ಕ್ಷಣದಲ್ಲಿ ಅವಳಷ್ಟು ದುರ್ಬಲರು ಅಂಕಣದಲ್ಲಿ ಬೇರೆ ಇಲ್ಲ. ಚಾಚಿದಷ್ಟೇ ವೇಗದಲ್ಲಿ ಹಿಂದೆಗೆಯುವುದನ್ನು ಕಲಿಯಲು ವರ್ಷಗಳು ಬೇಕು.

ಹಿಡಿಯುವವರ ಕಡೆಯಿಂದ ನೋಡಿದರೂ ಇದು ಸೂಕ್ಷ್ಮದ ಆಟವೇ. ಪಾದದ ಗಂಟು ಹಿಡಿಯುವ ಆಂಕಲ್ ಹೋಲ್ಡ್ ಕಾರ್ನರ್‌ನವರ ಮುಖ್ಯ ಅಸ್ತ್ರ. ಕಾಲು ಮುಂದೆ ಬರುವಾಗ ಅದಕ್ಕೆ ಕೈ ಹಾಕಿದರೆ ರೈಡರ್ ಹಿಂದಕ್ಕೆ ಕಿತ್ತುಕೊಂಡು ಹೋಗುತ್ತಾಳೆ, ಕೈ ಹಾಕಿದವಳು ಔಟ್. ಕಾಲು ನೆಲ ಮುಟ್ಟಿ ಅದರ ಮೇಲೆ ಭಾರ ಬೀಳುವ ಕ್ಷಣಕ್ಕಾಗಿ ಕಾಯಬೇಕು. ಭಾರ ಬಿದ್ದ ಕಾಲನ್ನು ಯಾರೂ ಕೂಡಲೇ ಎತ್ತಲಾರರು. ಆಗ ಎರಡೂ ಕೈಯಿಂದ ಗಂಟನ್ನು ಸುತ್ತಿ ತನ್ನ ಎದೆಗೆ ಎಳೆದುಕೊಳ್ಳಬೇಕು, ತಲೆಯನ್ನು ರೈಡರ್ ಮಂಡಿಗೆ ಸಿಗದಂತೆ ಪಕ್ಕಕ್ಕೆ ಇಡಬೇಕು. ಅಷ್ಟರಲ್ಲಿ ಪಕ್ಕದ ‘ಇನ್’ ಮತ್ತು ಕವರ್ ಬಂದು ಮೈ ಅಡ್ಡ ಹಾಕಬೇಕು. ಒಬ್ಬಳೇ ಹಿಡಿದದ್ದು ಅಪರೂಪಕ್ಕೆ ನಿಲ್ಲುತ್ತದೆ, ಕೂಡಿ ಹಿಡಿದದ್ದು ಬಹುತೇಕ ನಿಲ್ಲುತ್ತದೆ. ಮಂಡಿ ಹಿಡಿಯುವುದು, ತೊಡೆ ಹಿಡಿಯುವುದು, ಸೊಂಟ ಹಿಡಿಯುವುದು, ಎದುರು ನಿಂತು ತಡೆಯುವುದು, ಭುಜ ಕೊಟ್ಟು ಅಂಕಣದಾಚೆ ತಳ್ಳುವುದು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕೈಗುಣ. ಕೂದಲು, ಬಟ್ಟೆ ಹಿಡಿಯುವಂತಿಲ್ಲ. ಬಾಯಿ ಮುಚ್ಚಿ ಉಸಿರು ನಿಲ್ಲಿಸುವಂತಿಲ್ಲ. ಕಾಲಿನಿಂದ ಕತ್ತರಿ ಹಾಕುವಂತಿಲ್ಲ. ಕೈಕಾಲು, ಮುಂಡ ಬಿಟ್ಟು ಬೇರೆಲ್ಲೂ ಹಿಡಿಯಕೂಡದು.

ರೈಡರ್ ಆಗಿ ಹೆಸರಾದ ಮಮತಾ ಅವರಂಥವರಿಗೂ ಹಿಡಿಯುವ ಕೆಲಸ ತಪ್ಪಿದ್ದಲ್ಲ. ಕಬಡ್ಡಿಯಲ್ಲಿ ರೈಡ್ ಮುಗಿಸಿ ಬಂದವರು ಮರುಕ್ಷಣವೇ ಸರಪಳಿಯಲ್ಲಿ ನಿಲ್ಲಬೇಕು. ಹಿಡಿಯುವವಳ ಮನಸ್ಸು ಗೊತ್ತಿದ್ದವಳೇ ತಪ್ಪಿಸಿಕೊಳ್ಳಬಲ್ಲಳು, ತಪ್ಪಿಸಿಕೊಳ್ಳುವವಳ ಉಪಾಯ ಗೊತ್ತಿದ್ದವಳೇ ಹಿಡಿಯಬಲ್ಲಳು. ಎರಡನ್ನೂ ಬಲ್ಲವರೇ ಅನೇಕ ಸಲ ನಾಯಕಿಯರಾಗುವುದು ಈ ಕಾರಣಕ್ಕೆ.

ನಾಯಕಿಗೆ ಬೇಕಾದ ಇನ್ನೊಂದು ವಿದ್ಯೆ ಲೆಕ್ಕ. ಒಬ್ಬರನ್ನು ಔಟ್ ಮಾಡಿದರೆ ಒಂದು ಅಂಕ, ಜೊತೆಗೆ ಔಟಾಗಿ ಹೊರಗೆ ಕೂತ ತಮ್ಮವಳೊಬ್ಬಳು ಒಳಗೆ ಬರುತ್ತಾಳೆ. ಮೊದಲು ಔಟಾದವಳಿಗೆ ಮೊದಲ ಸರದಿ. ಬೋನಸ್ ಅಂಕ ಬಂದರೆ ಮಾತ್ರ ಯಾರೂ ಒಳಗೆ ಬರುವಂತಿಲ್ಲ. ಎದುರಾಳಿ ತಂಡ ಪೂರ್ತಿ ಖಾಲಿಯಾದರೆ ಲೋನಾ, ಎರಡು ಹೆಚ್ಚುವರಿ ಅಂಕ, ಆದರೆ ಆ ಏಳೂ ಜನ ಮತ್ತೆ ಒಳಗೆ ಬರುತ್ತಾರೆ. ಈಗಿನ ನಿಯಮದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದ ತಂಡ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್.

ಇದರಿಂದ ಒಂದು ಸ್ವಾರಸ್ಯ ಹುಟ್ಟುತ್ತದೆ. ಎದುರಿಗೆ ಏಳು ಜನ ಇದ್ದಾಗ ಹಿಡಿಯುವ ಕೈ ಹೆಚ್ಚು, ಆದರೆ ಬೋನಸ್ ಸಿಗುತ್ತದೆ. ಐದು ಜನರಾದಾಗ ಬೋನಸ್ ಇಲ್ಲ. ಮೂವರಾದಾಗ ಓಡಾಡಲು ಜಾಗ ಹೆಚ್ಚು, ಆದರೆ ಸಿಕ್ಕಿಬಿದ್ದರೆ ದಂಡ ಎರಡರಷ್ಟು. ಹಾಗಾಗಿ ಅಂಕಣದಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ನಿಮಿಷ ಉಳಿದಿದೆ, ಎಷ್ಟು ಅಂಕದ ಅಂತರವಿದೆ ಎಂಬುದರ ಮೇಲೆ ರೈಡರ್ ನಡೆ ಬದಲಾಗಬೇಕು. ನಾಲ್ಕು ಅಂಕ ಮುಂದಿರುವ ತಂಡದವಳು ಕೊನೆಯ ನಿಮಿಷದಲ್ಲಿ ಬಾಕ್ ಲೈನ್ ದಾಟಿ, ಯಾರ ತಂಟೆಗೂ ಹೋಗದೆ ಹಿಂದಿರುಗಿದರೆ ಜನ ‘ಥೂ, ಹೆದರ್ಕೊಂಡ್ಲು’ ಎನ್ನುತ್ತಾರೆ. ಅವಳು ಮಾಡಿದ್ದು ಆ ಹೊತ್ತಿನ ಅತ್ಯುತ್ತಮ ಆಟ. ಪಟ್ನಾದ ಫೈನಲ್‌ನಂತೆ 25–19ರಲ್ಲಿ ಮುಗಿಯುವ ಪಂದ್ಯದಲ್ಲಿ ಅಂತರ ಆರೇ ಅಂಕ. ಒಂದು ಲೋನಾ ಅತ್ತಿತ್ತ ಆದರೂ ಪಂದ್ಯ ಕೂದಲೆಳೆಗೆ ಬಂದು ನಿಲ್ಲುತ್ತದೆ. ಅಂಥ ಪಂದ್ಯದಲ್ಲಿ ಯಾರನ್ನು ಯಾವಾಗ ರೈಡಿಗೆ ಕಳಿಸಬೇಕು, ಯಾವಾಗ ಹಿಡಿಯಬೇಡಿ, ಹೋಗಲಿ ಬಿಡಿ ಎನ್ನಬೇಕು ಎಂದು ತೀರ್ಮಾನಿಸುವುದು ನಾಯಕಿಯ ತಲೆಯ ಕೆಲಸ.

ಮಮತಾ ಅವರ ತಲೆಮಾರಿನ ಆಟಗಾರ್ತಿಯರು ಇನ್ನೊಂದು ದಾಟುವಿಕೆಯನ್ನೂ ಕಂಡವರು, ಮಣ್ಣಿನಿಂದ ಮ್ಯಾಟಿಗೆ. ಮಣ್ಣಿನ ಅಂಕಣದಲ್ಲಿ ಬರಿಗಾಲು. ಮಣ್ಣು ಜಾರುತ್ತದೆ, ಹಿಡಿದವರ ಕೈಯೂ ಜಾರುತ್ತದೆ. ಕಸುವಿದ್ದವರು ಎಳೆದುಕೊಂಡು ಬರಬಹುದು. ಮ್ಯಾಟ್ ಮೇಲೆ ಶೂ ಹಿಡಿತ ಕೊಡುತ್ತದೆ. ಹೊರಳುವ ವೇಗ ಹೆಚ್ಚುತ್ತದೆ, ಹಾರಿ ಬಿದ್ದರೂ ಮಂಡಿ ತರಚುವುದಿಲ್ಲ, ಆದರೆ ಪಾದ ಸಿಕ್ಕಿಕೊಂಡು ಮಂಡಿ ತಿರುಚುವ ಅಪಾಯ ಹೆಚ್ಚು. ಮಣ್ಣಿನಲ್ಲಿ ಕಲಿತ ಹೆಜ್ಜೆಯನ್ನು ಮ್ಯಾಟಿಗೆ ತಕ್ಕಂತೆ ತಿದ್ದಿಕೊಳ್ಳುವುದು ಹೊಸದಾಗಿ ಕಲಿತಷ್ಟೇ ಕೆಲಸ. ಕರಾವಳಿಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳಿಗೂ ಮ್ಯಾಟ್ ಬಂದು ಬಹಳ ಕಾಲವಾಯಿತು. ನಮ್ಮ ಕಡೆಯ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಇಂದಿಗೂ ಮಣ್ಣಿನಲ್ಲೇ ಕಲಿತು, ಮೇಲಿನ ಹಂತಕ್ಕೆ ಹೋದಾಗ ಮೊದಲ ಸಲ ಮ್ಯಾಟ್ ತುಳಿಯುತ್ತಾರೆ.

ಇಷ್ಟೆಲ್ಲ ಕಲಿತವರ ಹೊಟ್ಟೆಪಾಡು ಹೇಗೆ? ಇಲ್ಲಿ ಸ್ವಲ್ಪ ಹೊರಗಿನ ಜಗತ್ತನ್ನು ನೋಡಬೇಕು. ನೆದರ್ಲೆಂಡ್ಸ್‌ನ ವಾಲಿಬಾಲ್ ತಾರೆ ಲೊನೆಕೆ ಸ್ಲೂಟ್ಯೆಸ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶವನ್ನು ನಾಲ್ಕನೇ ಸ್ಥಾನದವರೆಗೆ ಒಯ್ದ ತಂಡದಲ್ಲಿದ್ದವರು. ಅವರ ವೃತ್ತಿಯ ದೊಡ್ಡ ವರ್ಷಗಳು ಕಳೆದದ್ದು ಟರ್ಕಿಯ ವಾಕಿಫ್‌ಬ್ಯಾಂಕ್ ಕ್ಲಬ್ಬಿನಲ್ಲಿ. ಆ ಕ್ಲಬ್ 2017 ಮತ್ತು 2018ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗ ಅವರು ಅಲ್ಲಿದ್ದರು. ಹೆಂಗಸರ ವಾಲಿಬಾಲಿಗೆ ಟರ್ಕಿ, ಇಟಲಿಗಳಲ್ಲಿ ವರ್ಷ ವರ್ಷವೂ ಲೀಗ್ ಇದೆ, ಸಂಬಳವಿದೆ, ಟಿಕೆಟ್ ಕೊಂಡು ನೋಡುವ ಜನರಿದ್ದಾರೆ. ಆಟವೇ ಅಲ್ಲಿ ಉದ್ಯೋಗ.

ನಮ್ಮ ಹೆಣ್ಣುಮಕ್ಕಳ ಕಬಡ್ಡಿಯನ್ನು ಸಾಕಿದ್ದು ರೈಲ್ವೆ. ಕ್ರೀಡಾ ಕೋಟಾದಲ್ಲಿ ಕೆಲಸ, ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು, ಪಂದ್ಯಕ್ಕೆ ರಜೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಭಾರತೀಯ ರೈಲ್ವೆಯ ಮಹಿಳಾ ತಂಡ ಮತ್ತೆ ಮತ್ತೆ ಗೆಲ್ಲುವುದರ ಹಿಂದಿನ ಗುಟ್ಟು ಇಷ್ಟೇ. ಸಂಬಳದ ಚಿಂತೆ ಇಲ್ಲದವರು ಒಟ್ಟಿಗೆ ಆಡುತ್ತಾರೆ. ಮಮತಾ ಅವರ ದೀರ್ಘ ಆಟಕ್ಕೂ ಆಸರೆಯಾದದ್ದು ಇದೇ ಏರ್ಪಾಟು.

ಗಂಡಸರಿಗೆ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂತು. ಹೆಂಗಸರಿಗೆ 2016ರಲ್ಲಿ ಮೂರು ತಂಡಗಳ ಒಂದು ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಫೈರ್ ಬರ್ಡ್ಸ್‌ಗೆ ಮಮತಾ ನಾಯಕಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ, ಐಸ್ ದಿವಾಸ್‌ಗೆ ಮಹಾರಾಷ್ಟ್ರದ ಅಭಿಲಾಷಾ ಮ್ಹಾತ್ರೆ. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕದ ಇಬ್ಬರು ನಾಯಕಿಯರು ಎದುರುಬದುರು. ಸ್ಟಾರ್ಮ್ ಕ್ವೀನ್ಸ್ 24–23ರಿಂದ ಗೆದ್ದಿತು. ಒಂದೇ ಅಂಕದ ಅಂತರ. ಅದಕ್ಕಿಂತ ಚೆಂದದ ಆರಂಭ ಬೇಕಿರಲಿಲ್ಲ. ಆದರೆ ಗಂಡಸರ ಲೀಗ್ ವರ್ಷ ವರ್ಷ ಬೆಳೆಯುತ್ತಾ ಹೋದರೆ, ಈ ಚಾಲೆಂಜ್ ಮರುವರ್ಷ ನಡೆಯಲೇ ಇಲ್ಲ.

ಇದರ ನಡುವೆ ಬೇರೆ ದೇಶಗಳು ಸುಮ್ಮನೆ ಕೂರಲಿಲ್ಲ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನ್ 27–24ರಿಂದ ಭಾರತವನ್ನು ಸೋಲಿಸಿತು. ಆ ಇರಾನ್ ತಂಡದ ಕೋಚ್ ನಮ್ಮವರೇ, ಮಹಾರಾಷ್ಟ್ರದ ಶೈಲಜಾ ಜೈನ್. ಪಟ್ನಾದಲ್ಲಿ, ಇಂಚಿಯಾನ್‌ನಲ್ಲಿ ಸೋತ ಇರಾನಿನ ಹುಡುಗಿಯರು ಸೋಲಿನಿಂದ ಪಾಠ ಕಲಿತಿದ್ದರು. ಭಾರತಕ್ಕೆ ಆ ಚಿನ್ನ ಮತ್ತೆ ಸಿಕ್ಕಿದ್ದು 2023ರಲ್ಲಿ ಹಾಂಗ್‌ಝೌನಲ್ಲಿ, ಅದೂ ಚೈನೀಸ್ ತೈಪೆ ವಿರುದ್ಧ 26–25ರಿಂದ, ಒಂದೇ ಅಂಕದಲ್ಲಿ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಅದೇ ತೈಪೆ ತಂಡವನ್ನು ಭಾರತ 35–28ರಿಂದ ಮಣಿಸಿತು. ಭಾರತ ತಂಡಕ್ಕೆ ಕೋಚ್ ಆಗಿದ್ದವರು ತೇಜಸ್ವಿನಿ ಬಾಯಿ. ಆಟ ನಿಲ್ಲಿಸಿದವರ ಕೈಯಲ್ಲಿ ವಿದ್ಯೆ ನಿಂತುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಿಡಿತಕ್ಕೆ ಸಿಕ್ಕಾಗ ಏನು ಮಾಡಬೇಕೆಂಬುದನ್ನು ಪುಸ್ತಕ ಹೇಳಿಕೊಡಲಾರದು. ಸಿಕ್ಕಿ, ಬಿಡಿಸಿಕೊಂಡು ಬಂದವರೇ ಹೇಳಿಕೊಡಬೇಕು.

ಈಗ ನಮ್ಮ ಕಡೆಯ ತಾಲ್ಲೂಕುಗಳ ಮಾತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ, ಕೆ.ಆರ್. ನಗರ, ಸಾಲಿಗ್ರಾಮದ ಭತ್ತದ ಗದ್ದೆಗಳಲ್ಲಿ, ಎಚ್.ಡಿ. ಕೋಟೆ, ಸರಗೂರು ಕಡೆಯ ರಾಗಿ, ಹತ್ತಿಯ ನೆಲದಲ್ಲಿ, ಕಾಡಂಚಿನ ಹಾಡಿಗಳಲ್ಲಿ ಬೆಳೆದ ಹುಡುಗಿಯರಿಗೆ ಮೈಕಸುವನ್ನು ಯಾರೂ ಕಲಿಸಬೇಕಿಲ್ಲ. ನೀರು ಹೊತ್ತು, ಹುಲ್ಲು ಹೊರೆ ಹೊತ್ತು, ಬಗ್ಗಿ ನಾಟಿ ಹಾಕಿ ಬಂದ ಸೊಂಟ, ಮಂಡಿ ಅವರವು. ಅವರಿಗೆ ಸಿಗದಿರುವುದು ಹೆಜ್ಜೆಯ ಪಾಠ. ಹೋಬಳಿ ಮಟ್ಟದ ಕೂಟಕ್ಕೆ ಕೆಲವೇ ದಿನ ಮೊದಲು ತಂಡ ಕಟ್ಟಿ, ಗಟ್ಟಿಮುಟ್ಟಾದ ಏಳು ಜನರನ್ನು ಇಳಿಸಿದರೆ ತಾಲ್ಲೂಕಿನವರೆಗೆ ಗೆಲ್ಲಬಹುದು. ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರಿದಂತೆ ಎದುರಿಗೆ ಬರುವವರು ವರ್ಷವಿಡೀ ಕಲಿತವರು. ಅಲ್ಲಿ ಬಲಕ್ಕೆ ಬಲ ಸಿಗುತ್ತದೆ, ಗೆಲ್ಲುವುದು ವಿದ್ಯೆ.

ಇದು ನಮ್ಮ ಜಿಲ್ಲೆಯಿಂದ ಆಗದ ಕೆಲಸವೇನಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತ ತಂಡದಲ್ಲಿದ್ದ ಬಿ. ಚೈತ್ರಾ ಇದೇ ಮೈಸೂರು ಜಿಲ್ಲೆಯವರು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಮೈದಾನದಲ್ಲಿ ತಪ್ಪದೆ ಕಲಿತರೆ ವಿಶ್ವಕಪ್‌ವರೆಗೆ ದಾರಿ ಇದೆ ಎಂದು ನಮ್ಮ ಜಿಲ್ಲೆಯದೇ ತಾಲ್ಲೂಕು ತೋರಿಸಿಕೊಟ್ಟಿದೆ.

ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ‘ಇನ್ನು ಸಾಕು, ದೊಡ್ಡವಳಾದೆ’ ಎಂದು ಮಗಳ ಆಟದ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿಸುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಮಮತಾ ಅವರ ಆಟ ಗಟ್ಟಿಯಾದದ್ದು ಕಾಲೇಜಿನ ದಿನಗಳಲ್ಲಿ, ಕೆಲಸ ಸಿಕ್ಕಿದ್ದು ಆಟದಿಂದ ಎಂಬುದನ್ನು ಆ ತಂದೆತಾಯಿಗಳು ಒಮ್ಮೆ ಯೋಚಿಸಬೇಕು. ಪ್ರತಿ ತಾಲ್ಲೂಕು ಕ್ರೀಡಾಂಗಣದಲ್ಲಿ ಒಂದು ಮ್ಯಾಟ್, ವಾರಕ್ಕೆ ಕೆಲವು ಸಂಜೆ ಹೆಣ್ಣುಮಕ್ಕಳಿಗೇ ಮೀಸಲಾದ ಅಭ್ಯಾಸ, ಕಲಿಸುವುದಕ್ಕೆ ಹಳೆಯ ಆಟಗಾರ್ತಿ ಒಬ್ಬರು. ಇದಕ್ಕೆ ಕೋಟಿಗಟ್ಟಲೆ ಬೇಡ. ಎಸ್‌ಡಿಎಂಸಿಯವರು, ಗ್ರಾಮ ಪಂಚಾಯಿತಿ ಸದಸ್ಯರು, ಊರಿನ ಯುವಕ ಸಂಘದವರು ಗಣೇಶನ ಹಬ್ಬಕ್ಕೆ ಚಂದಾ ಎತ್ತುವ ಉತ್ಸಾಹದಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಿದರೂ ಸಾಕು.

ಮುಂದಿನ ಸಲ ನಿಮ್ಮೂರಿನ ಶಾಲೆಯಲ್ಲಿ ಹುಡುಗಿಯರ ಕಬಡ್ಡಿ ನಡೆದರೆ ನಿಂತು ನೋಡಿ. ಅಂಕ ಬಂದಾಗ ಮಾತ್ರ ಚಪ್ಪಾಳೆ ತಟ್ಟಬೇಡಿ. ಭಾರ ಹಾಕದೆ ಕಾಲು ಚಾಚಿ ಹಿಂದೆಗೆದವಳಿಗೂ ತಟ್ಟಿ, ಆಸೆಗೆ ಬೀಳದೆ ಕಾದು ನಿಂತ ಕಾರ್ನರ್‌ನವಳಿಗೂ ತಟ್ಟಿ. ನೋಡುವವರಿಗೆ ಆಟ ತಿಳಿದರೆ ಆಡುವವರು ತಾವಾಗಿಯೇ ಬೆಳೆಯುತ್ತಾರೆ.